ತಿರುಗಿಸಿ ಓದಬೇಕಾದ ಅಂಕೆ

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡ್ತೇನೆ, ಆಮೇಲೆ ರಗಳೆ ಬೇಡ. ಮಂಗಳೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ನನ್ನ ಕೆಲಸ. ಪಾಠ ಕಡಿಮೆ, ಡಾಕ್ಟರುಗಳ ಥೀಸಿಸ್ಸಿನ ಲೆಕ್ಕ ನೋಡಿಕೊಡುವುದೇ ಹೆಚ್ಚು. ಎಂ.ಡಿ., ಎಂ.ಎಸ್. ಓದುವವರು ರೋಗಿಗಳ ಮಾಹಿತಿ ಒಟ್ಟುಮಾಡಿ, ಯಾವುದಾದರೂ ಸಾಫ್ಟ್‌ವೇರಿಗೆ ಹಾಕಿ, ಅದು ಕಕ್ಕಿದ್ದನ್ನು ಪ್ರಿಂಟ್ ತೆಗೆದು ನನ್ನ ಮೇಜಿನ ಮೇಲೆ ಇಡುತ್ತಾರೆ. "ಮೇಡಂ, ಸಿಗ್ನಿಫಿಕೆಂಟ್ ಉಂಟಾ?" ಎಂಬುದು ಅವರ ಮೊದಲ ಪ್ರಶ್ನೆ. "ಮೊದಲು ಕೂತ್ಕೊ ಮಾರಾಯ. ಇದು ಎಂತ ಅಂತ ನಿನಗೆ ಗೊತ್ತುಂಟಾ?" ಎಂಬುದು ನನ್ನ ಉತ್ತರ. ಕೆಲವರು ಕೂರುತ್ತಾರೆ. ಕೆಲವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಕಾಲೇಜಿನ ಹೊರಗೆ ಥೀಸಿಸ್ ಬೈಂಡ್ ಮಾಡುವ ಅಂಗಡಿಗಳಲ್ಲೇ ಲೆಕ್ಕವನ್ನೂ ಮಾಡಿಕೊಡುವವರಿದ್ದಾರೆ. ಅಲ್ಲಿ ಬೈಗುಳ ಇಲ್ಲ.

ನಾನು ಬೈಯುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. ಆಪರೇಷನ್ ಆದ ಮೇಲೆ ಕಾಯಿಲೆ ಮರಳಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂದು ನೋಡುವ ಒಂದು ಬಗೆಯ ಲೆಕ್ಕ ಉಂಟು, ಸರ್ವೈವಲ್ ಅನಾಲಿಸಿಸ್ ಅಂತ. ಅದರಲ್ಲಿ ಒಂದು ಅಂಕೆ ಅಪಾಯ ಯಾವ ಕಡೆಗೆ ನಡೆಯುತ್ತಾ ಉಂಟು ಎಂದು ಹೇಳುತ್ತದೆ. ಆ ಅಂಕೆ ಸರಿಯಾಗಿ ಒಂದು ಆದರೆ ಅಪಾಯ ಎಲ್ಲ ದಿನವೂ ಒಂದೇ. ಒಂದಕ್ಕಿಂತ ಕಡಿಮೆಯಾದರೆ ದಿನ ಹೋದ ಹಾಗೆ ಅಪಾಯ ಇಳಿಯುತ್ತದೆ. ಹೆಚ್ಚಾದರೆ ದಿನ ಹೋದ ಹಾಗೆ ಏರುತ್ತದೆ. ಇಷ್ಟೇ ಸಂಗತಿ. ಆದರೆ ಈ ಅಂಕೆ ಯಾವತ್ತೂ ಸೊನ್ನೆಗೆ ಇಳಿಯಕೂಡದು. ಹುಡುಕುತ್ತಾ ಹುಡುಕುತ್ತಾ ಸೊನ್ನೆಯ ಕೆಳಗೆ ಹೋಗಿ ಬೀಳಬಾರದು ಅಂತ ಸಾಫ್ಟ್‌ವೇರ್ ಅದನ್ನು ಲಾಗರಿದಮ್ ಮಾಡಿಕೊಂಡು ಹುಡುಕುತ್ತದೆ. ಸಿಕ್ಕಿದ ಮೇಲೆ ಆ ಲಾಗನ್ನೇ ಟೇಬಲಿನ ಕೊನೆಯ ಸಾಲಿನಲ್ಲಿ ಅಚ್ಚು ಹಾಕಿಬಿಡುತ್ತದೆ. ನಾವು ಅದನ್ನು ತಿರುಗಿಸಿ, ಮೊದಲಿನ ರೂಪಕ್ಕೆ ತಂದುಕೊಂಡೇ ಓದಬೇಕು. ಒಣಮೀನನ್ನು ನೀರಲ್ಲಿ ನೆನೆಸದೆ ಯಾರಾದರೂ ಹಾಗೇ ಸಾರಿಗೆ ಹಾಕುತ್ತಾರಾ?

"ತಿರುಗಿಸಿ ಓದಿ" ಎಂದು ನಾನು ಎಷ್ಟು ಸಲ ಕೂಗಿದ್ದೇನೋ. ಮನೆಯಲ್ಲಿ ತಂಗಿ ನನ್ನನ್ನು ಅಣಕಿಸುವುದಕ್ಕೂ ಇದೇ ಮಾತು. ನಾನು ಸಿಡುಕಿದ ಕೂಡಲೇ ಅವಳು ಅಮ್ಮನಿಗೆ ಹೇಳುತ್ತಿದ್ದಳು: "ಬೇಜಾರು ಮಾಡ್ಬೇಡಿ ಮಾಂಯ್. ಇವಳು ಲಾಗ್ ಮಾಡಿದ ಜನ. ತಿರುಗಿಸಿ ಓದಿದ್ರೆ ಒಳ್ಳೆಯವಳೇ."

ಕಾವೂರಿನ ಮನೆಯಲ್ಲಿ ನಾವು ಮೂವರು ಹೆಂಗಸರು: ಅಮ್ಮ, ನಾನು, ತಂಗಿ. ಆ ಮನೆ ಕಟ್ಟಿಸಿದ್ದು ತಂಗಿ. ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದಳು, ತಿಂಗಳು ತುಂಬದೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ. ಅಂಗೈಯಲ್ಲಿ ಹಿಡಿಯುವಷ್ಟು ಮಕ್ಕಳು. ಫೋನಿನಲ್ಲಿ ಅವುಗಳದ್ದೇ ಸುದ್ದಿ. "ನನ್ನ ಇಲಿಮರಿ ಇವತ್ತು ಬಾಟಲಿಯಲ್ಲಿ ಹಾಲು ಕುಡೀತು ಗೊತ್ತುಂಟಾ?" ಎಂದು ಹೇಳುವಾಗ ಅವಳ ಸ್ವರವೇ ಬೇರೆ. ಹೊಟ್ಟೆಯಲ್ಲಿ ಗಡ್ಡೆ ಅಂತ ಗೊತ್ತಾದಾಗ ಅವಳು ಆ ವಾರ್ಡು ಬಿಟ್ಟು ಊರಿಗೆ ಬಂದಳು. ನಮ್ಮದೇ ಕಾಲೇಜಿನ ಆಸ್ಪತ್ರೆಯಲ್ಲಿ, ನನಗೆ ಪರಿಚಯವಿದ್ದ ಹಿರಿಯ ಸರ್ಜನ್ ಒಬ್ಬರು ಆಪರೇಷನ್ ಮಾಡಿದರು. ಗಡ್ಡೆ ಪೂರ್ತಿ ತೆಗೆದಿದ್ದೇವೆ ಎಂದರು. ಕೀಮೋ ಆಯಿತು, ಕೂದಲು ಹೋಯಿತು, ಕೂದಲು ಬಂತು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್.

ಒಂದು ವರ್ಷದ ಚೆಕ್‌ಅಪ್ ಮುಗಿಸಿಕೊಂಡು ಬಂದ ದಿನ ತಂಗಿ ಗೇಟಿನಿಂದಲೇ ಕೂಗಿದಳು. "ಇನ್ನು ವರ್ಷಕ್ಕೊಮ್ಮೆ ಬಂದ್ರೆ ಸಾಕಂತೆ! ಅವರದೇ ವಾರ್ಡಿನ ಲೆಕ್ಕ ಉಂಟಂತೆ. ಈ ಕಾಯಿಲೆಯಲ್ಲಿ ದಿನ ಹೋದ ಹಾಗೆ ಅಪಾಯ ಕಡಿಮೆ ಆಗ್ತಾ ಹೋಗ್ತದಂತೆ. ನಾನು ಕಷ್ಟದ್ದನ್ನು ದಾಟಿ ಆಯ್ತಂತೆ." ಯಾವ ಲೆಕ್ಕ, ಯಾರು ಮಾಡಿದ್ದು ಎಂದು ಊರಿನವರೆಲ್ಲರ ತಲೆ ತಿನ್ನುವ ನಾನು ಆವತ್ತು ಏನೂ ಕೇಳಲಿಲ್ಲ. ಯಾರು ಕೇಳುತ್ತಾರೆ ಹೇಳಿ? ಬಂಗುಡೆ ಮೀನು ತಂದು ಹುಳಿಖಾರದ ಪುಳಿಮುಂಚಿ ಮಾಡಿದೆ, ಮೂವರೂ ಕೈ ಒಣಗುವ ತನಕ ಕೂತು ತಿಂದೆವು.

ನಮ್ಮ ಮನೆಯಲ್ಲಿ ಸಂಜೆ ಜಪಸರ ತಪ್ಪುವುದಿಲ್ಲ. ತೇರ್ಸ್ ಅನ್ನುತ್ತೇವೆ. ಅಮ್ಮ ಮುಂದಿನಿಂದ ಹೇಳುವುದು, ನಾವು ಉತ್ತರ ಕೊಡುವುದು. ಕೊನೆಗೆ ಅಮ್ಮ ತಮ್ಮದೇ ಮಾತಿನಲ್ಲಿ ಕೆಲವು ಪ್ರಾರ್ಥನೆ ಸೇರಿಸುತ್ತಾರೆ: ಸತ್ತ ಅಪ್ಪನಿಗೆ, ಪಕ್ಕದ ಮನೆಯವರ ಮಂಡಿನೋವಿಗೆ, ಮಳೆಗೆ. ಆವತ್ತಿನಿಂದ ಅದಕ್ಕೆ ಹೊಸದೊಂದು ಸೇರಿತು. "ನನ್ನ ಮಗಳ ಅಪಾಯವನ್ನು ದಿನದಿಂದ ದಿನಕ್ಕೆ ಇಳಿಸುವ ದೇವರಿಗೆ ಸ್ತುತಿ." ಆಮೆನ್, ಎಂದೆವು ನಾವಿಬ್ಬರೂ. ಸಾಫ್ಟ್‌ವೇರಿನ ಒಂದು ಸಾಲು ಹೀಗೆ ನಮ್ಮ ಪ್ರಾರ್ಥನೆಯೊಳಗೆ ಬಂದು ಕೂತಿತು. ತೇರ್ಸ್ ಮುಗಿದ ಮೇಲೆ ಕೈಮುಗಿದು ಹಿರಿಯರಿಂದ ಆಶೀರ್ವಾದ ತೆಗೆದುಕೊಳ್ಳುವುದು ಕ್ರಮ. ತಂಗಿಯ ತಲೆಯ ಮೇಲೆ ಅಮ್ಮನ ಕೈ ಆಮೇಲಾಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತಿತ್ತು.

ತಂಗಿ ಬದುಕಿಗೆ ಮರಳಿದಳು. ಬೆಳಿಗ್ಗೆ ಕಾವೂರು ಕೆರೆಯ ಸುತ್ತ ನಡೆಯುವುದು, ಹೊಟ್ಟೆ ತುಂಬ ತಿನ್ನುವುದು, ನನ್ನನ್ನು ಗೋಳು ಹೊಯ್ದುಕೊಳ್ಳುವುದು. ತಲೆಯ ಮೇಲಿಂದ ವಿಮಾನ ಹೋದರೆ ಅಂಗಳಕ್ಕೆ ಬಂದು ನೋಡುತ್ತಿದ್ದಳು. ಕುವೈತಿನ ವಾರ್ಡಿನವರು ಅವಳನ್ನು ಮರೆತಿರಲಿಲ್ಲ. ಬಾ, ಜಾಗ ಉಂಟು, ಅಂದರು. ವೀಸಾದ ಓಡಾಟ ಶುರುವಾಯಿತು. ಸ್ಕ್ಯಾನಿನ ಮಾತು ಮನೆಯಲ್ಲಿ ನಿಂತೇ ಹೋಯಿತು.

ಹಾಗಿರುವಾಗ ಸರ್ಜರಿಯ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ ನನ್ನ ಕೋಣೆಗೆ ಬಂದ. ಆ ವಿಭಾಗದವರು ನನ್ನ ಬಳಿ ಬರುವುದೇ ಅಪರೂಪ. ನನ್ನ ಬಾಯಿಗೆ ಹೆದರಿ ಹೊರಗಿನ ಅಂಗಡಿಯಲ್ಲೇ ಮುಗಿಸಿಕೊಳ್ಳುತ್ತಿದ್ದರು. ಇವನು ಮಾತ್ರ ಕಾಟಾಚಾರಕ್ಕೆ ಮಾಡುವವನಲ್ಲ, ಕುರ್ಚಿ ಎಳೆದು ಕೂತ. ಹಿಂದಿನ ಬ್ಯಾಚಿನವನೊಬ್ಬ ಮಾಡಿದ ಥೀಸಿಸ್ಸನ್ನೇ ಇವನು ಇನ್ನಷ್ಟು ರೋಗಿಗಳನ್ನು ಸೇರಿಸಿ ಮುಂದುವರಿಸುತ್ತಿದ್ದ. ಕೊನೆಯ ಸಾಲಿಗೆ ಬೆರಳಿಟ್ಟು ಹೇಳಿದ: "ಪಾಯಿಂಟ್ ಮೂರು ಚಿಲ್ಲರೆ ಬಂದಿದೆ ಮೇಡಂ. ಒಂದಕ್ಕಿಂತ ಕಡಿಮೆ. ಹಾಗಾಗಿ ಅಪಾಯ ಇಳೀತಾ ಹೋಗ್ತದೆ. ಹಳೇ ಥೀಸಿಸ್ಸಿನಲ್ಲಿಯೂ ಹಾಗೇ ಬಂದಿತ್ತು."

ಆ ಅಂಕೆಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಲಾಗ್ ಎಂದಿತ್ತು.

"ತಿರುಗಿಸಿದ್ಯಾ?" ಎಂದೆ.

"ಎಂತ ತಿರುಗಿಸುದು ಮೇಡಂ?"

ನನ್ನ ಮಂಡೆ ಬಿಸಿಯಾಯಿತು. ಕ್ಯಾಲ್ಕುಲೇಟರ್ ಅವನ ಮುಂದೆ ತಳ್ಳಿ, ಒತ್ತು ಎಂದೆ. ಒತ್ತಿದ. ಒಂದೂವರೆಗೆ ಸ್ವಲ್ಪ ಕಡಿಮೆ ಬಂತು. ಒಂದರ ಲಾಗ್ ಸೊನ್ನೆ. ಹಾಗಾಗಿ ಆ ಸಾಲನ್ನು ಹಾಗೇ ಓದುವವನು ಹೋಲಿಸಬೇಕಾದದ್ದು ಸೊನ್ನೆಯ ಜೊತೆ, ಒಂದರ ಜೊತೆ ಅಲ್ಲ. ಸೊನ್ನೆಗಿಂತ ಮೇಲೆ ಉಂಟು ಎಂದರೆ ಅಪಾಯ ಏರುತ್ತಾ ಉಂಟು. "ಇಳಿಯೂದಲ್ಲ ಮಾರಾಯ, ಏರೂದು! ಹಳೆಯವನು ಯಾವ ಅಂಗಡಿಯಲ್ಲಿ ಮಾಡಿಸಿದ್ದು ಇದನ್ನು?" ಹಳೇ ಥೀಸಿಸ್ ತರಿಸಿ ನೋಡಿದೆ. ಸಾಫ್ಟ್‌ವೇರ್ ಪಾಪ, ತಿರುಗಿಸಿದ ಅಂಕೆಯನ್ನೂ ಟೇಬಲಿನ ಕೆಳಗೆ ಕೊಟ್ಟಿರುತ್ತದೆ. ಪುಟದಲ್ಲಿ ಜಾಗ ಸಾಲದೆಂದೋ ಏನೋ, ಆ ಪುಣ್ಯಾತ್ಮ ಕೆಳಗಿನ ತುಂಡು ಕತ್ತರಿಸಿ ಮೇಲಿನದ್ದನ್ನು ಮಾತ್ರ ಅಂಟಿಸಿದ್ದ.

ಇಷ್ಟಾಗುವ ತನಕ ನನಗೆ ಬರೀ ಸಿಟ್ಟು. ಬೈಯುತ್ತಾ ಬೈಯುತ್ತಾ ಕೇಳಿದೆ, ಇದು ಯಾವ ಕಾಯಿಲೆ, ಯಾರು ಗೈಡು? ಅವನು ಹೇಳಿದ. ತಂಗಿಯ ಕಾಯಿಲೆ. ತಂಗಿಯ ಸರ್ಜನ್.

"ನಮ್ಮ ಸರ್ ರೋಗಿಗಳಿಗೂ ಇದನ್ನೇ ಹೇಳ್ತಾರೆ ಮೇಡಂ. ಅವರಿಗೆ ಧೈರ್ಯ ಬರ್ತದೆ" ಎಂದ ಅವನು, ಇನ್ನೂ ಏನೂ ತಿಳಿಯದೆ.

ಅವನನ್ನು ಕಳಿಸಿ, ಇನ್ನೊಮ್ಮೆ ಮಾಡಿದೆ. ಬೇರೆ ಸಾಫ್ಟ್‌ವೇರಿನಲ್ಲಿ ಮಾಡಿದೆ. ಯಾವುದಾದರೂ ಒಂದು ದಾರಿಯಲ್ಲಿ ಒಂದಕ್ಕಿಂತ ಕಡಿಮೆ ಬರಲಿ ದೇವರೇ, ನಾನು ಆ ಹುಡುಗನನ್ನು ಕರೆದು ಕ್ಷಮೆ ಕೇಳುತ್ತೇನೆ ಎಂದುಕೊಂಡೆ. ಎಷ್ಟು ಮಾಡಿದರೂ ಅದೇ.

ಸರ್ಜನರ ಕೋಣೆಗೆ ಹೋದೆ. ಒಳ್ಳೆಯ ಮನುಷ್ಯ, ಅದನ್ನು ಹೇಳಲೇಬೇಕು. ಮೊದಲು ನಕ್ಕರು. "ಎಂತ ಮೇಡಂ, ಕಂಪ್ಯೂಟರ್ ತಪ್ಪಾ?"

"ಕಂಪ್ಯೂಟರ್ ಸರಿ ಉಂಟು. ಓದಿದ್ದು ತಪ್ಪು."

ಕಾಗದ ಮುಂದಿಟ್ಟು ತೋರಿಸಿದೆ. ಒಮ್ಮೆ ನೋಡಿದರು, ಕನ್ನಡಕ ಹಾಕಿ ಇನ್ನೊಮ್ಮೆ ನೋಡಿದರು. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಾನು ಎಷ್ಟು ಜನರಿಗೆ ಇದನ್ನು ಹೇಳಿದ್ದೇನೆ ಗೊತ್ತುಂಟಾ?" ಎಂದರು. ಸ್ಕ್ಯಾನ್ ವರ್ಷಕ್ಕೊಮ್ಮೆ ಸಾಕು ಎಂದು ವಾರ್ಡಿನಲ್ಲಿ ಪದ್ಧತಿ ಮಾಡಿದ್ದೂ ಈ ಒಂದು ಸಾಲನ್ನು ನಂಬಿ. ಎಲ್ಲರನ್ನೂ ವಾಪಸು ಕರೆಸುತ್ತೇನೆ ಎಂದರು, ನಾನಿರುವಾಗಲೇ ಫೋನ್ ಎತ್ತಿದರು. ಆಮೇಲೆ ನನ್ನ ಮುಖ ನೋಡದೆ ಕೇಳಿದರು: "ತಂಗಿಗೆ ನೀವು ಹೇಳ್ತೀರಾ, ನಾನು ಹೇಳಬೇಕಾ?"

ನಾನೇ ಹೇಳುತ್ತೇನೆ ಎಂದೆ. ಅವರಿಗೆ ಬೈಯಬೇಕೆಂದು ಮೆಟ್ಟಿಲು ಹತ್ತಿದವಳು ಬೈಯದೆ ಇಳಿದೆ.

ಮನೆಗೆ ಬಂದರೆ ಅಡುಗೆಮನೆಯಲ್ಲಿ ಚೀಂಯ್ ಚೀಂಯ್ ಎಂಬ ಸದ್ದು. ತಂಗಿ ಫಳ್ನೀರು ರಸ್ತೆಯ ಅಂಗಡಿಯಿಂದ ಹೊಸ ಬಿಳಿ ಶೂ ತಂದಿದ್ದಳು, ನರ್ಸುಗಳು ಡ್ಯೂಟಿಗೆ ಹಾಕುವಂಥದ್ದು. ಸಡಿಲ ಆಗಲಿ ಎಂದು ಅದನ್ನು ಹಾಕಿಕೊಂಡು ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ನಡೆಯುತ್ತಿದ್ದಳು. "ಹೇಗುಂಟು? ಹನ್ನೆರಡು ಗಂಟೆ ನಿಂತ್ರೂ ಕಾಲು ನೋಯೂದಿಲ್ಲಂತೆ." ಅಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಈಗ ಹೇಳದಿದ್ದರೆ ಇನ್ನು ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೇಳಿದೆ. ಲಾಗ್, ಸೊನ್ನೆ, ಒಂದು, ಕತ್ತರಿಸಿದ ತುಂಡು, ಎಲ್ಲ ಹೇಳಿದೆ. ಅಷ್ಟು ವಿವರ ಅವಳಿಗೆ ಬೇಕಾಗಿರಲಿಲ್ಲ. ನನ್ನ ಬಾಯಿ ನಿಲ್ಲಲಿಲ್ಲ.

ಅವಳು ಮಣೆಯ ಮೇಲೆ ಕೂತು ಶೂವಿನ ಲೇಸು ಬಿಚ್ಚಿದಳು. "ಅಂದ್ರೆ ನಾನು ದಾಟಿದ್ದಲ್ಲ. ಒಳಗೆ ಹೋಗ್ತಾ ಇದ್ದೇನೆ" ಎಂದಳು.

"ಹಾಗಲ್ಲ. ಅದು ಒಂದು ಗುಂಪಿನ ಲೆಕ್ಕ. ಒಬ್ಬರಿಗೆ ಅದರಿಂದ ಎಂತದ್ದೂ ಹೇಳ್ಲಿಕ್ಕಾಗೂದಿಲ್ಲ. ಮೊದಲು ಒಂದು ಸ್ಕ್ಯಾನ್ ಮಾಡಿಸುವ."

"ಇಳೀತದೆ ಅನ್ನುವಾಗ ಅದು ನನ್ನ ಲೆಕ್ಕ. ಏರ್ತದೆ ಅನ್ನುವಾಗ ಗುಂಪಿನದ್ದಾ?" ಎಂದು ಕಿರುಚಿದಳು. ಅವಳು ಕಿರುಚಿದ್ದನ್ನು ನಾನು ಚಿಕ್ಕಂದಿನಿಂದಲೂ ಕೇಳಿದವಳಲ್ಲ, ಕಿರುಚುವುದು ನನ್ನ ಇಲಾಖೆ. "ಯಾಕೆ ಹೇಳಿದ್ದು ನೀನು? ಇಷ್ಟು ದಿನ ಚಂದ ನಿದ್ದೆ ಮಾಡ್ತಾ ಇದ್ದೆ." ಒಂದು ಶೂ ತೆಗೆದು ಗೋಡೆಗೆ ಎಸೆದಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಎದ್ದು ಹೋಗಿ ಅದನ್ನು ಎತ್ತಿಕೊಂಡು ಬಂದು, ಸೆರಗಿನಿಂದ ಒರೆಸಿದಳು. "ಮಾಂಯ್‌ಗೆ ಹೇಳಬಾರದು. ಹೇಳಿದ್ರೆ ನಾನು ನಿನ್ನ ಹತ್ರ ಮಾತಾಡೂದಿಲ್ಲ, ಸತ್ರೂ ಮಾತಾಡೂದಿಲ್ಲ."

ಆ ಸಂಜೆ ತೇರ್ಸಿನ ಕೊನೆಗೆ ಅಮ್ಮ ಹೇಳಿದರು, ಅಪಾಯವನ್ನು ದಿನದಿಂದ ದಿನಕ್ಕೆ ಇಳಿಸುವ ದೇವರಿಗೆ ಸ್ತುತಿ. ನಾನು ತಲೆ ಎತ್ತಿ ತಂಗಿಯ ಮುಖ ನೋಡಿದೆ. ತಂಗಿ ನನ್ನ ತೊಡೆ ಚಿವುಟಿ, ಓಣಿಗೆಲ್ಲ ಕೇಳುವ ಹಾಗೆ "ಆಮೆನ್" ಎಂದಳು.

ಸ್ಕ್ಯಾನಿಗೆ ಹೋಗುವಾಗ ಆ ಬಿಳಿ ಶೂ ಹಾಕಿಕೊಂಡೇ ಬಂದಳು. "ಕಾಸು ಕೊಟ್ಟದ್ದು, ವೇಸ್ಟ್ ಆಗಬಾರದಲ್ಲ?" ಎಂದು ನಕ್ಕಳು. ಕಾರಿಡಾರಿನಲ್ಲಿ ಚೀಂಯ್ ಚೀಂಯ್ ಎಂದು ನಡೆದು ಒಳಗೆ ಹೋದಳು. ಕಾಯಿಲೆ ಮರಳಿ ಬಂದಿತ್ತು. ಲಿವರಿನಲ್ಲಿ, ಬೆನ್ನೆಲುಬಿನ ಹತ್ತಿರ. ಇನ್ನೊಂದು ಆಪರೇಷನ್ ಮಾಡುವ ಹಂತ ದಾಟಿತ್ತು. ಮೂರು ತಿಂಗಳಿಗೊಮ್ಮೆ ನೋಡುತ್ತಿದ್ದರೆ ಮೊದಲೇ ಸಿಗುತ್ತಿತ್ತಾ ಎಂದು ಸರ್ಜನರನ್ನು ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಅದು ನಿಜವೇ, ಹೇಳಲಿಕ್ಕಾಗುವುದಿಲ್ಲ. ನನ್ನ ವಿದ್ಯೆಯೂ ಅದನ್ನೇ ಹೇಳುತ್ತದೆ. ಆದರೂ ಆ ಉತ್ತರಕ್ಕೆ ಅವರ ಕಾಲರ್ ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು.

ಕರೆಸಿದವರಲ್ಲಿ ಕಾಟಿಪಳ್ಳದ ಒಬ್ಬ ಹೆಂಗಸಿಗೆ ಗಡ್ಡೆ ಕಡಲೆಯಷ್ಟು ಚಿಕ್ಕದಿರುವಾಗಲೇ ಸಿಕ್ಕಿತು, ತೆಗೆದರು, ಗುಣವಾಗುತ್ತಿದ್ದಾಳೆ ಎಂದು ಆ ವಿದ್ಯಾರ್ಥಿ ಬಂದು ಹೇಳಿದ. ಅದನ್ನು ತಂಗಿಗೆ ಹೇಳಬೇಕಾ ಬೇಡವಾ ಎಂದು ತುಂಬ ಯೋಚಿಸಿ, ಹೇಳಿದೆ. ಹೊಟ್ಟೆಕಿಚ್ಚು ಪಡುತ್ತಾಳೆ ಎಂದುಕೊಂಡಿದ್ದೆ. ಪಟ್ಟವಳು ನಾನು. ಅವಳು ಮಾತ್ರ ಆಮೇಲೆ ನಾನು ಕಾಲೇಜಿನಿಂದ ಬಂದಾಗಲೆಲ್ಲ ಕೇಳುತ್ತಿದ್ದಳು: "ನಮ್ಮ ಕಾಟಿಪಳ್ಳ ಹೇಗುಂಟು?" ವಾರ್ಡಿನ ಮಕ್ಕಳನ್ನು ವಿಚಾರಿಸುತ್ತಿದ್ದ ಸ್ವರದಲ್ಲಿಯೇ.

ತಂಗಿ ಕರಗುತ್ತಾ ಬಂದಳು. ಕೆರೆಯ ಸುತ್ತು ಅಂಗಳಕ್ಕೆ ಬಂತು, ಅಂಗಳ ಮಂಚಕ್ಕೆ ಬಂತು. ಕುವೈತಿನವರಿಗೆ ಅವಳೇ ಫೋನ್ ಮಾಡಿ, ಬೇರೆಯವರನ್ನು ತೆಗೆದುಕೊಳ್ಳಿ ಎಂದಳು. ಅಮ್ಮನಿಗೆ ಹೇಳಿದ್ದು, ಅದು ಹಳೇ ಕೀಮೋದ ಸುಸ್ತು, ವೀಸಾ ತಡ ಆಗ್ತದೆ. ಅಮ್ಮ ತಲೆಯಾಡಿಸಿದರು. ತೇರ್ಸ್ ಈಗ ಅವಳ ಮಂಚದ ಪಕ್ಕದಲ್ಲೇ. ಹೊಟ್ಟೆಯಲ್ಲಿ ನೀರು ತುಂಬಿ, ಕೈಗಳು ಕಡ್ಡಿಯಾಗಿ, ಕಣ್ಣು ಹಳದಿಯಾಗಿ ಮಲಗಿದವಳ ಎದುರಿಗೆ ಅಮ್ಮ ಅದೇ ಮಾತು ಹೇಳುತ್ತಿದ್ದರು, ದಿನದಿಂದ ದಿನಕ್ಕೆ ಇಳಿಸುವ ದೇವರಿಗೆ ಸ್ತುತಿ. ಅವಳು ಉಸಿರು ಒಟ್ಟುಮಾಡಿಕೊಂಡು ಆಮೆನ್ ಹೇಳುತ್ತಿದ್ದಳು, ಈಗಲೂ ನನಗಿಂತ ಜೋರಾಗಿ.

ಒಂದು ಸಂಜೆ ನನ್ನಿಂದ ತಡೆಯಲಿಕ್ಕಾಗಲಿಲ್ಲ. ಗಂಜಿ ಬಸಿಯುತ್ತಿದ್ದ ಅಮ್ಮನ ಹಿಂದೆ ಹೋಗಿ ನಿಂತು, ಹಲ್ಲು ಕಚ್ಚಿಕೊಂಡು ಹೇಳಿದೆ. "ಸಾಕು ಮಾಂಯ್. ಇಳೀತಾ ಇಲ್ಲ. ಏರ್ತಾ ಉಂಟು. ಅವರು ಓದಿದ್ದೇ ತಪ್ಪು. ನಾಳೆಯಿಂದ ಆ ಮಾತು ಬೇಡ, ನನಗೆ ಕೇಳ್ಲಿಕ್ಕಾಗೂದಿಲ್ಲ."

ಅಮ್ಮ ತಿರುಗಲಿಲ್ಲ. ಗಂಜಿಯ ಪಾತ್ರೆಯನ್ನು ಕೆಳಗಿಟ್ಟು, ಅಂಚಿಗೆ ಅಂಟಿದ ಅನ್ನದ ಅಗುಳನ್ನು ಬೆರಳಿನಿಂದ ತೆಗೆದು ಒಳಗೆ ಹಾಕಿದರು. "ನನಗೆ ಗೊತ್ತುಂಟು ಮಗಳೇ," ಎಂದರು. "ಅವಳ ಮೈ ತೊಳೆಯೂದು ನಾನಲ್ವಾ? ಅವಳು ಅಷ್ಟು ಜೋರಾಗಿ ಆಮೆನ್ ಹೇಳುವಾಗ ನಾನು ಹೇಗೆ ಬಿಡೂದು?"

ಇದನ್ನು ನಾನು ತಂಗಿಗೆ ಹೇಳಲಿಲ್ಲ. ಅಮ್ಮನಿಗಾಗಿ ಮಗಳು, ಮಗಳಿಗಾಗಿ ಅಮ್ಮ, ನಡುವಿನಲ್ಲಿ ನಾನು. ಜೀವಮಾನವಿಡೀ ಎಲ್ಲರ ಅಂಕೆಯನ್ನೂ ಕೆಂಪು ಪೆನ್ನಿನಲ್ಲಿ ತಿದ್ದಿದವಳು ಆ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಮಂಡಿಯೂರುತ್ತಿದ್ದೆ.

ಕೊನೆ ಹತ್ತಿರ ಬಂದಾಗ, ಅಮ್ಮ ಮಿಂದು ಬರಲು ಹೋಗಿದ್ದ ಹೊತ್ತಿನಲ್ಲಿ ತಂಗಿ ಒಮ್ಮೆ ಕೇಳಿದಳು. "ನನ್ನದು ಈಗ ಎಷ್ಟು? ನೀನು ಲೆಕ್ಕ ಹಾಕಿರ್ತೀ. ನನಗೆ ಗೊತ್ತುಂಟು ನಿನ್ನ ಬುದ್ಧಿ."

"ಹಾಕಲಿಲ್ಲ," ಎಂದು ಸಿಡುಕಿದೆ. "ಸುಮ್ಮನೆ ಮಲಗು. ಪಿರಿಪಿರಿ ಮಾಡ್ಬೇಡ." ನಿಜವಾಗಿಯೂ ಹಾಕಿರಲಿಲ್ಲ. ಕೈ ಬಂದಿರಲಿಲ್ಲ.

ಅವಳು ಕಣ್ಣು ಮುಚ್ಚಿ ನಕ್ಕಳು. ನನ್ನ ಕೈಯನ್ನು ಹುಡುಕಿ ಹಿಡಿದುಕೊಂಡಳು. "ನಾನು ಹೋದ ಮೇಲೆ ನಿನ್ನನ್ನು ತಿರುಗಿಸಿ ಓದುವವರು ಯಾರೂ ಇಲ್ಲ ಮಾರಾಯ್ತಿ. ಮಾಂಯ್ ಹತ್ರ ಸ್ವಲ್ಪ ಮೆತ್ತಗೆ ಮಾತಾಡು." ನಾನು ಆಯಿತು ಎಂದೆ. ಅದನ್ನೂ ಗದರಿಕೊಂಡೇ ಹೇಳಿದೆ.

ಅವಳು ಹೋದಳು. ಬಿಳಿ ಶೂವನ್ನು ಅಮ್ಮ ಬ್ರಶ್ ಹಾಕಿ ತೊಳೆದು ಒಣಗಿಸಿ, ಶವಪೆಟ್ಟಿಗೆಯಲ್ಲಿ ಅವಳ ಕಾಲಿಗೆ ತಾವೇ ಹಾಕಿದರು. ಲೇಸು ಕಟ್ಟಲು ಬಾರದೆ ನನ್ನನ್ನು ಕರೆದರು, ನಾನು ಕಟ್ಟಿದೆ. ಪಾದ ಎಷ್ಟು ಚಿಕ್ಕದಾಗಿತ್ತೆಂದರೆ ಶೂ ಸಡಿಲವಾಗಿತ್ತು. ಕಾಲೇಜಿನಲ್ಲಿ ಆ ವಿದ್ಯಾರ್ಥಿ ಥೀಸಿಸ್ ಒಪ್ಪಿಸಿದ. ತಿರುಗಿಸಿದ ಅಂಕೆ ಟೇಬಲಿನಲ್ಲಿ ದಪ್ಪ ಅಕ್ಷರದಲ್ಲಿತ್ತು. ಅವನ ಮಾಹಿತಿಯಲ್ಲಿ ಕಾಯಿಲೆ ಬಾರದವರಿಗೆ ಸೊನ್ನೆ, ಬಂದವರಿಗೆ ಒಂದು. ಯಾವುದೋ ಒಂದು ಸಾಲಿನಲ್ಲಿ ತಂಗಿಯ ಸೊನ್ನೆ ಒಂದಾಗಿರಬೇಕು. ನಾನು ಹುಡುಕಲಿಲ್ಲ. ಸಹಿ ಹಾಕಿ ಕಳಿಸಿದೆ.

ನೆಂಟರು, ಇಗರ್ಜಿಯವರು ಮನೆಗೆ ಬಂದುಹೋಗುವುದೆಲ್ಲ ನಿಂತ ಮೇಲೆ ಒಂದು ಸಂಜೆ ನಾವಿಬ್ಬರೇ ತೇರ್ಸಿಗೆ ಕೂತೆವು. ಅಮ್ಮ ಮುಂದಿನಿಂದ ಹೇಳಿದರು, ನಾನು ಉತ್ತರ ಕೊಟ್ಟೆ. ಅಪ್ಪನಿಗೆ ಆಯಿತು, ಪಕ್ಕದ ಮನೆಯವರ ಮಂಡಿಗೆ ಆಯಿತು. ಆ ಜಾಗ ಬಂತು. ಅಮ್ಮ ಅಲ್ಲಿಗೆ ನಿಲ್ಲಿಸಿದರು. ಮೇಲಿಂದ ವಿಮಾನವೊಂದು ಹೋಯಿತು. ಅದರ ಸದ್ದು ಪೂರ್ತಿ ಅಡಗುವ ತನಕ ಅಮ್ಮನ ಕೈಯಲ್ಲಿ ಜಪಸರ ಅಲ್ಲಾಡಲಿಲ್ಲ.

"ನನ್ನ ಮಗಳಿಗೆ ಇನ್ನು ಯಾವ ಅಪಾಯವೂ ಇಲ್ಲ," ಎಂದರು ಅಮ್ಮ. "ದೇವರಿಗೆ ಸ್ತುತಿ."

ಆಮೆನ್ ಹೇಳುವವಳು ಇರಲಿಲ್ಲ. ಅಮ್ಮ ಕಾಯುತ್ತಾ ಕೂತಿದ್ದರು. ಓಣಿಗೆಲ್ಲ ಕೇಳುವ ಹಾಗೆ, ಅವಳು ಹೇಳುತ್ತಿದ್ದಷ್ಟೇ ಜೋರಾಗಿ ನಾನು ಹೇಳಿದೆ.